ನೀಲಿ ಪರದೆಗೆ ಫಾರ್ಮ್ಯಾಟ್ ಒಂದೇ ಮದ್ದೇ?

ಮಾನ್ಯ ಸಂಪಾದಕರೇ,

ಮನೆಯ ಕಂಪ್ಯೂಟರ್ ಇದ್ದಕ್ಕಿದ್ದಂತೆ ನೀಲಿ ಪರದೆ ತೋರಿಸಿ ನಿಂತುಹೋದರೆ, ದುರಸ್ತಿ ಅಂಗಡಿಯವರು ಸಾಮಾನ್ಯವಾಗಿ ಹೇಳುವುದು ‘ಫಾರ್ಮ್ಯಾಟ್ ಮಾಡಬೇಕು’ ಎಂದೇ, ಅಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಬೇಕು ಎಂದು. ನಮ್ಮ ಕಂಪ್ಯೂಟರನ್ನು ಹೀಗೆ ಎರಡು ಬಾರಿ ಫಾರ್ಮ್ಯಾಟ್ ಮಾಡಿಸಿ, ಮಗಳ ನಾಮಕರಣದ ಫೋಟೊಗಳನ್ನೂ ಕಳೆದುಕೊಂಡ ಮೇಲೆ ತಿಳಿದದ್ದು, ದೋಷವಿದ್ದದ್ದು ವಿಂಡೋಸ್‌ನಲ್ಲಲ್ಲ, ಒಳಗಿನ ಎರಡು ರ‍್ಯಾಮ್‌ಗಳ (ತಾತ್ಕಾಲಿಕ ಮೆಮೊರಿಯ ಬಿಲ್ಲೆಗಳ) ಪೈಕಿ ಒಂದರಲ್ಲಿ ಎಂದು. ಪ್ರತಿ ಸಲವೂ ಪರದೆಯ ಮೇಲೆ ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂಬ ಸ್ಟಾಪ್ ಕೋಡ್ (ಕಂಪ್ಯೂಟರ್ ನಿಂತ ಕಾರಣದ ಸುಳಿವು ಕೊಡುವ ಸಂಕೇತ) ಕಾಣಿಸುತ್ತಿತ್ತು. ಅದನ್ನು ಯಾರೂ, ನಾನೂ ಸೇರಿದಂತೆ, ಬರೆದಿಟ್ಟುಕೊಳ್ಳಲಿಲ್ಲ.

ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಪರೀಕ್ಷೆಗೆ ಬಿಡಿಗಾಸಿನ ಖರ್ಚಿಲ್ಲ. ಅದರಲ್ಲಿ ದೋಷ ಕಂಡುಬಂದರೆ, ವಿದ್ಯುತ್ ಸಂಪರ್ಕ ತೆಗೆದು ರ‍್ಯಾಮ್‌ಗಳನ್ನು ಒಂದೊಂದಾಗಿ ಹಾಕಿ ನೋಡಿ, ಕೆಟ್ಟದ್ದು ಯಾವುದೆಂದು ಪತ್ತೆಹಚ್ಚಬಹುದು. ಹೊಸ ಡ್ರೈವರ್ (ಪ್ರಿಂಟರಿನಂತಹ ಸಾಧನಗಳನ್ನು ನಡೆಸುವ ತಂತ್ರಾಂಶ) ಹಾಕಿದ ಬೆನ್ನಲ್ಲೇ ತೊಂದರೆ ಶುರುವಾಗಿದ್ದರೆ, ಅತ್ಯಗತ್ಯ ತಂತ್ರಾಂಶಗಳಷ್ಟೇ ನಡೆಯುವ ಸೇಫ್ ಮೋಡ್‌ನಲ್ಲಿ ಅದನ್ನು ತೆಗೆದುಹಾಕಿದರೆ ಸಾಕಾಗಬಹುದು. 2024ರ ಜುಲೈ 19ರಂದು ಭದ್ರತಾ ತಂತ್ರಾಂಶ ಕಂಪನಿ ಕ್ರೌಡ್‌ಸ್ಟ್ರೈಕ್‌ನ ದೋಷಪೂರಿತ ಅಪ್‌ಡೇಟ್‌ನಿಂದಾಗಿ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ 85 ಲಕ್ಷ ಕಂಪ್ಯೂಟರ್‌ಗಳು ತೊಂದರೆಗೊಳಗಾದಾಗಲೂ ಅನೇಕ ಕಡೆ ಮಾಡಿದ್ದು, ಸೇಫ್ ಮೋಡ್‌ನಲ್ಲಿ ತೆರೆದು ಆ ಅಪ್‌ಡೇಟ್ ತಂದಿದ್ದ ದೋಷಪೂರಿತ ಫೈಲನ್ನು ಅಳಿಸಿದ್ದು ಅಷ್ಟೆ.

ದುರಸ್ತಿ ಮಾಡುವವರು ಸ್ಟಾಪ್ ಕೋಡನ್ನು ಬಿಲ್ಲಿನಲ್ಲಿಯೇ ನಮೂದಿಸಬೇಕು. ಗ್ರಾಹಕರ ಫೈಲುಗಳನ್ನು ಬೇರೆಡೆ ನಕಲಿಸದೆ ಫಾರ್ಮ್ಯಾಟಿಗೆ ಕೈಹಾಕಬಾರದು.

— ಓದುಗ, ಧಾರವಾಡ