ಒಂದೇ ಕಾಯ್ದೆ, ಎರಡು ನಡಿಗೆ

ಪ್ರೀತಿಯ ಪುಟ್ಟಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲ ಕ್ಷೇಮ. ಮಳೆ ಇನ್ನೂ ಬಿಟ್ಟಿಲ್ಲ. ಅಡಿಕೆಗೆ ಎರಡನೇ ಸಲ ಕೊಳೆ ಔಷಧಿ ಹೊಡೆಸಬೇಕು, ಕೊನೆಗಾರ ಸಿಗುತ್ತಿಲ್ಲ. ಮೊನ್ನೆ ನೀನು ಫೋನಿನಲ್ಲಿ ಅತ್ತದ್ದನ್ನು ನಿನ್ನಪ್ಪನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಫೋನಿನಲ್ಲಿ ಬುದ್ಧಿ ಹೇಳಿದರೆ ನೀನು "ಹೂಂ ಅತ್ತೆ" ಅಂತೀಯ, ಇಟ್ಟುಬಿಡ್ತೀಯ. ಅದಕ್ಕೇ ಕಾಗದ.

ಶಾಸಕರ ಕಚೇರಿಯಲ್ಲಿ ಕೂತು, ಮನೆಕೆಲಸದವರಿಗೆ ವಾರದ ರಜೆ ಸಿಗಬೇಕು ಅಂತ ಟಿಪ್ಪಣಿ ಬರೆದೆ. ಎಂಟು ತಿಂಗಳಾಯಿತು, ಅದು ಮೇಜಿನಿಂದ ಮೇಜಿಗೆ ಹೋಗುತ್ತಲೇ ಇದೆ. "ಇಲ್ಲಿ ಏನೂ ಬದಲಾಗಲ್ಲ ಅತ್ತೆ, ಕೆಲಸ ಬಿಡ್ತೀನಿ" ಅಂದೆ. ಬಿಡುವುದಾದರೆ ಬಿಡು, ಅದು ನಿನ್ನಿಷ್ಟ. ಆದರೆ ಏನೂ ಬದಲಾಗಲ್ಲ ಅನ್ನುವ ಮಾತನ್ನು ನಾನು ಒಪ್ಪಲಾರೆ. ಬದಲಾವಣೆಯನ್ನು ನಾನೇ ಟೈಪ್ ಮಾಡಿದವಳು ಕಣೇ.

1975ರಲ್ಲಿ ನನಗೆ ಇಪ್ಪತ್ತೆರಡು ವರ್ಷ. ಮಲೆನಾಡಿನ ಒಂದು ತಾಲೂಕು ಕಚೇರಿಯಲ್ಲಿ ಟೈಪಿಸ್ಟ್ ಕೆಲಸ. ಗದ್ದೆ ಉಳುವ ಗೇಣಿದಾರನದೋ ಧಣಿಯದೋ ಅಂತ ತೀರ್ಮಾನಿಸುವ ಭೂ ನ್ಯಾಯಮಂಡಳಿಯ ಆದೇಶಗಳನ್ನು ಬಡಿಯುವುದು ನನ್ನ ಪಾಲಿಗೆ ಬಂತು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಜಗಲಿ ತುಂಬಾ ಗೇಣಿದಾರರು. ಕಂಬಳಿ ಕೊಪ್ಪೆ ಹಾಕಿಕೊಂಡು, ಒದ್ದೆ ಕಾಲಿನಲ್ಲಿ. ಕೈಯಲ್ಲಿ ಒಂದು ಚೀಟಿಯೂ ಇಲ್ಲ. ತಲೆಮಾರುಗಟ್ಟಲೆ ಗೇಣಿ ಅಳೆದುಕೊಟ್ಟಿದ್ದಾರೆ, ರಸೀದಿ ಕೊಟ್ಟ ಧಣಿ ಯಾರು? ಪಹಣಿಯಲ್ಲೂ ಧಣಿಯದೇ ಹೆಸರು. ಪಕ್ಕದ ಗದ್ದೆಯವನು ಬಂದು "ಹೌದು ಸ್ವಾಮಿ, ಇವನಪ್ಪನ ಕಾಲದಿಂದಲೂ ಇವರೇ ಉಳೋದು" ಅಂದರೆ ಅದೇ ಸಾಕ್ಷಿ.

ಈ ಭೂ ಸುಧಾರಣಾ ಕಾಯ್ದೆ ರಾತ್ರೋರಾತ್ರಿ ಬಂದದ್ದು ಅಂತ ನಿನ್ನ ವಯಸ್ಸಿನವರು ತಿಳಿದಿದ್ದೀರಿ. "ದೇವರಾಜ ಅರಸರು ತಂದರು" ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತೀರಿ. ಲೆಕ್ಕ ಹಾಕು. ಸಾಗರದ ಕಾಗೋಡಿನಲ್ಲಿ ಗೇಣಿದಾರರು ಗೇಣಿ ಭತ್ತ ಅಳೆಯುವ ಕೊಳಗದ ಅಳತೆಗಾಗಿ ಜಗಳ ತೆಗೆದು ಸತ್ಯಾಗ್ರಹ ಮಾಡಿದ್ದು 1951ರಲ್ಲಿ. ಸಮಾಜವಾದಿ ನಾಯಕ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರ ಹೆಸರು ಊರೂರಿಗೆ ಗೊತ್ತಾಯಿತು. ಆಮೇಲೆ 1956ರಲ್ಲಿ ರಾಜ್ಯ ಒಂದಾಯಿತು. ಒಂದಾಗಿದ್ದೇ ಒಂದು ತೊಡಕಾಯಿತು. ಮುಂಬಯಿ ಕಡೆಯಿಂದ ಬಂದ ಜಿಲ್ಲೆಗಳಿಗೆ ಒಂದು ಗೇಣಿ ಕಾನೂನು, ಹೈದರಾಬಾದಿನವಕ್ಕೆ ಇನ್ನೊಂದು, ಮದರಾಸಿನದು ಬೇರೆ, ಕೊಡಗು ಬೇರೆ, ಹಳೇ ಮೈಸೂರು ಬೇರೆ. ಎಲ್ಲವನ್ನೂ ಹೊಂದಿಸಲು 1957ರಲ್ಲಿ ಬಿ.ಡಿ. ಜತ್ತಿಯವರ ಸಮಿತಿ. 1958ರಲ್ಲಿ ಮಸೂದೆ. 1961ರಲ್ಲಿ ಒಪ್ಪಿಗೆ. 1962ರಲ್ಲಿ ರಾಷ್ಟ್ರಪತಿಗಳ ಸಹಿ. ಜಾರಿಗೆ ಬಂದದ್ದು 1965ರ ಗಾಂಧಿ ಜಯಂತಿಯಂದು!

ಜಾರಿಗೆ ಬಂದ ಮೇಲಾದರೂ ಆಯಿತಾ ಅಂದರೆ, ಇಲ್ಲ. ಧಣಿ "ನಾನೇ ಸ್ವಂತ ಸಾಗುವಳಿ ಮಾಡ್ತೀನಿ" ಅಂತ ಗೇಣಿ ಭೂಮಿಯ ಅರ್ಧ ಭಾಗ ವಾಪಸು ಕೇಳಬಹುದಿತ್ತು. ತಕರಾರು ಬಂದರೆ ಮುನ್ಸೀಫ್ ಕೋರ್ಟು. ಅಲ್ಲಿ ವಕೀಲರು, ವಾಯಿದೆ, ಮತ್ತೆ ವಾಯಿದೆ. ಗೇಣಿದಾರ ಬಸ್ಸಿನ ಕಾಸಿಗೇ ಸೋತುಹೋಗುತ್ತಿದ್ದ. ಕಾಯ್ದೆ ನಿದ್ದೆ ಮಾಡುತ್ತಿತ್ತು, ಧಣಿಗಳು ಎಚ್ಚರವಿದ್ದರು. ಆ ವರ್ಷಗಳಲ್ಲಿ ಎಷ್ಟು ಜನ "ಸ್ವಂತ ಇಚ್ಛೆಯಿಂದ" ಗದ್ದೆ ಬಿಟ್ಟುಕೊಟ್ಟರು ಅಂತ ನಮ್ಮೂರಿನ ಹಳಬರನ್ನು ಕೇಳು. ನಿಧಾನ ಅನ್ನುವುದು ಯಾವಾಗಲೂ ಯಾರೋ ಒಬ್ಬರಿಗೆ ಲಾಭ ಕಣೇ. ಕಡತ ಸುಮ್ನೆ ಕೂತಿದೆ ಅಂತ ನೀನು ಅಂದುಕೊಳ್ಳುತ್ತೀಯ. ಅದು ಕೂತಿರುವುದರಿಂದ ಯಾರ ಮನೆಗೆ ಅಕ್ಕಿ ಹೋಗುತ್ತಿದೆ ಅಂತ ನೋಡು.

ಹಾಗಾದರೆ 1974ರಲ್ಲಿ ತಿದ್ದುಪಡಿಯಾಗಿ ಅದು ಎದ್ದು ಓಡಿದ್ದು ಹೇಗೆ? ಅರಸರಲ್ಲಿ ಕರುಣೆ ಜಾಸ್ತಿ ಇತ್ತು ಅಂತ ಹೇಳಬಹುದು. ಇದ್ದಿರಲೂಬಹುದು. ಆದರೆ ನಾನು ಮೂವತ್ತು ಚಿಲ್ಲರೆ ವರ್ಷ ಕಂದಾಯ ಇಲಾಖೆಯಲ್ಲಿದ್ದವಳು, ಕರುಣೆಯಿಂದ ಕಡತ ಓಡಿದ್ದನ್ನು ನೋಡಿಲ್ಲ. 1969ರಲ್ಲಿ ಕಾಂಗ್ರೆಸ್ ಒಡೆಯಿತು. ನಿಜಲಿಂಗಪ್ಪನವರ ಜೊತೆ ಹಳೆಯ ದೊಡ್ಡವರು ಹೋದರು. ಇಂದಿರಾ ಗಾಂಧಿಯವರ ಕಡೆ ನಿಂತ ಅರಸರಿಗೆ ಹೊಸ ಜನ ಬೇಕಿತ್ತು. ಅದುವರೆಗೆ ಟಿಕೆಟ್ಟಿನ ಹತ್ತಿರ ಸುಳಿಯಲಾಗದ ಸಣ್ಣ ಜಾತಿಗಳವರಿಗೆ ಟಿಕೆಟ್ ಸಿಕ್ಕಿತು. 1972ರಲ್ಲಿ 216 ಸ್ಥಾನಗಳಲ್ಲಿ 165 ಗೆದ್ದರು. ಪಕ್ಷದೊಳಗೆ ಅಡ್ಡಗಾಲು ಹಾಕುವವರು ಆಗಲೇ ಆಚೆ ಹೋಗಿದ್ದರು. ಬಾಗಿಲು ತೆಗೆದವರಿಗಿಂತ, ಬಾಗಿಲಲ್ಲಿ ಕೂತಿದ್ದವರು ಎದ್ದು ಹೋದದ್ದು ದೊಡ್ಡದು.

ಎರಡನೆಯದು ಇನ್ನೂ ಮುಖ್ಯ, ಇದನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ. ತಿದ್ದುಪಡಿ ಮಾಡಿದವರು ತಕರಾರನ್ನು ಕೋರ್ಟಿನಿಂದ ಎತ್ತಿ ತಾಲೂಕಿಗೆ ತಂದುಬಿಟ್ಟರು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಪರಿಶಿಷ್ಟರು ಒಬ್ಬರಾದರೂ ಇರಬೇಕು. ವಕೀಲರಿಗೆ ಪ್ರವೇಶವಿಲ್ಲ. ಮೇಲ್ಮನವಿಗೆ ಜಾಗವಿಲ್ಲ, ಬೇಕಾದರೆ ಹೈಕೋರ್ಟಿಗೆ ರಿಟ್ ಹಾಕಬೇಕು. 1974ರ ಮಾರ್ಚ್ 1ಕ್ಕೆ ಗೇಣಿ ಭೂಮಿಯೆಲ್ಲ ಸರ್ಕಾರದ್ದು ಅಂತಾಯಿತು. ಗೇಣಿದಾರ ನಮೂನೆ 7 ತುಂಬಿ ಅರ್ಜಿ ಹಾಕಬೇಕು, ಅಷ್ಟೇ. ಜನ ಅದಕ್ಕೆ ಡಿಕ್ಲರೇಶನ್ ಅನ್ನುತ್ತಿದ್ದರು. "ನೀನು ಡಿಕ್ಲರೇಶನ್ ಕೊಟ್ಯಾ?" ಅಂತ ಸಂತೆಯಲ್ಲಿ ಪಿಸುಗುಡುತ್ತಿದ್ದರು. ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿ ಬಂದವು, ಅರ್ಧಕ್ಕಿಂತ ಜಾಸ್ತಿ ಗೇಣಿದಾರರ ಪರವಾಗಿ ಆದವು.

ನಿನ್ನಜ್ಜ ಡಿಕ್ಲರೇಶನ್ ಕೊಡಲಿಲ್ಲ, ಗೊತ್ತಾ? ಮಗಳು ದಿನವಿಡೀ ಊರವರ ಆದೇಶ ಟೈಪ್ ಮಾಡುತ್ತಾಳೆ, ಅಪ್ಪ ದೊಡ್ಡಮನೆಗೆ ಹೋಗಿ ಗೇಣಿ ಅಳೆದು ಬರುತ್ತಾರೆ. "ಉಪ್ಪು ಉಂಡ ಮನೆ" ಅನ್ನುತ್ತಿದ್ದರು. ಅಮ್ಮ ಒಂದು ದಿನ ಅನ್ನ ಬಡಿಸುತ್ತಾ "ಉಪ್ಪು ಅವರದು ಸರಿ, ಅಕ್ಕಿ ಯಾರದು?" ಅಂದಳು. ಅದಾದ ಮೇಲೂ ಎರಡು ವರ್ಷ ಹೋಯಿತು. ಅರ್ಜಿಯ ಗಡುವನ್ನು ಸರ್ಕಾರ ಮತ್ತೆ ಮತ್ತೆ ಮುಂದೆ ಹಾಕಿತು, ಕೊನೆಗೆ 1979ರ ಜೂನ್ 30 ಅಂತಾಯಿತು. ಗಡುವು ಮುಂದೆ ಹಾಕಿದಾಗಲೆಲ್ಲ ಕಚೇರಿಯಲ್ಲಿ ನಾವು ಬೈದುಕೊಂಡೆವು, ಕೆಲಸ ಮುಗಿಯುವುದೇ ಇಲ್ಲ ಅಂತ. ಆದರೆ ಅಪ್ಪ ಆ ಕೊನೇ ವಾರದಲ್ಲಿ, ಜೋರು ಮಳೆಯಲ್ಲಿ, ಕೊಡೆ ಮರೆತು ಬಂದು ಅರ್ಜಿ ಕೊಟ್ಟರು. ನೀನು ಓದಿದ ಎಂಜಿನಿಯರಿಂಗ್ ಫೀಸಿನ ಮೂಲ ಆ ಗದ್ದೆ. ನನಗೆ ಅವತ್ತು ಒಂದು ವಿಷಯ ತಿಳಿಯಿತು. ಕಾನೂನಿಗೆ ಒಂದು ನಡಿಗೆ, ಜನರ ಧೈರ್ಯಕ್ಕೆ ಇನ್ನೊಂದು.

ಇಷ್ಟು ಓದಿ ನೀನು ಕುಣಿಯಬೇಡ. ಅವಸರಕ್ಕೂ ಬೆಲೆ ಇದೆ. ಒಂದು ದಿನ ಒಬ್ಬ ವಿಧವೆ ಬಂದಳು. ಎರಡೆಕರೆ ಇತ್ತು, ಉಳಲು ಗಂಡುದಿಕ್ಕಿಲ್ಲದೆ ಗೇಣಿಗೆ ಕೊಟ್ಟಿದ್ದಳು. ಕಾಯ್ದೆಯ ಕಣ್ಣಿಗೆ ಅವಳೂ ಧಣಿಯೇ. ಯೋಧರಿಗೆ, ಹಡಗಿನಲ್ಲಿ ದುಡಿಯುವವರಿಗೆ ವಿನಾಯಿತಿ ಇತ್ತು, ಅವಳಿಗಿರಲಿಲ್ಲ. ಆದೇಶ ಬಡಿಯುವಾಗ ನನ್ನ ಮೇಜಿನ ಪಕ್ಕ ನಿಂತು "ನನ್ನದೂ ಹೋಯ್ತೇನವ್ವಾ?" ಅಂದಳು. ನಾನು ತಲೆ ಎತ್ತಲಿಲ್ಲ. ಇನ್ನು ಕೆಲವು ಆದೇಶಗಳು ಅರ್ಧ ಪುಟವೂ ಇರುತ್ತಿರಲಿಲ್ಲ, ಕಾರಣವನ್ನೇ ಬರೆಯುತ್ತಿರಲಿಲ್ಲ. ಅವೆಲ್ಲ ಹೈಕೋರ್ಟಿನಿಂದ ತಿರುಗಿ ಬಂದವು. ವಕೀಲರನ್ನು ಹೊರಗಿಟ್ಟದ್ದು ಸರಿಯಲ್ಲ ಅಂತ 1987ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಾನು ನಿವೃತ್ತಿಯಾಗುವ ಹೊತ್ತಿಗೂ ಅದೇ ಹಳೇ ಕೇಸುಗಳು, ಈಗ ಮೊಮ್ಮಕ್ಕಳ ಹೆಸರಿನಲ್ಲಿ.

ಈಗ ನಿನಗೆ ಬೇಕಾದ ಮಾತಿಗೆ ಬರುತ್ತೇನೆ. ಅದೇ ಕಾಯ್ದೆಯಲ್ಲಿ ಇನ್ನೊಂದು ಭಾಗವಿತ್ತು, ಭೂಮಿತಿ. ಐದು ಜನರ ಕುಟುಂಬಕ್ಕೆ 10 ಯೂನಿಟ್, ಅಂದರೆ ಮಳೆ ನಂಬಿದ ಕೊನೇ ದರ್ಜೆಯ ಜಮೀನಾದರೆ 54 ಎಕರೆಯವರೆಗೆ. ಅದಕ್ಕಿಂತ ಹೆಚ್ಚಿದ್ದರೆ ಸರ್ಕಾರಕ್ಕೆ. ಅದೇ ಮುಖ್ಯಮಂತ್ರಿ, ಅದೇ ಬಹುಮತ, ಅದೇ ಕಚೇರಿ, ಅದೇ ಟೈಪ್‌ರೈಟರ್. ಗೇಣಿಯ ಭಾಗ ಓಡಿತು, ಮಿತಿಯ ಭಾಗ ತೆವಳಿತು. ಯಾಕೆ? ಗೇಣಿ ಜಾಸ್ತಿ ಇದ್ದದ್ದು ಕರಾವಳಿಯಲ್ಲಿ, ಮಲೆನಾಡಿನಲ್ಲಿ. ಕಳೆದುಕೊಳ್ಳುವವರು ಕಡಿಮೆ ಜನ, ಅವರ ಓಟೂ ಕಡಿಮೆ. ಬಯಲುಸೀಮೆಯ ದೊಡ್ಡ ಹಿಡುವಳಿದಾರರು ಗೇಣಿಗೆ ಕೊಟ್ಟವರಲ್ಲ, ಆಳು ಇಟ್ಟು ಸ್ವಂತ ಮಾಡಿಸುವವರು. ಗೇಣಿಯ ಕಾನೂನು ಅವರನ್ನು ಮುಟ್ಟಲಿಲ್ಲ. ಮಿತಿಯ ಕಾನೂನು ಮುಟ್ಟುತ್ತಿತ್ತು. ಅವರೋ ಎಲ್ಲ ಪಕ್ಷಗಳಲ್ಲೂ ಇದ್ದರು, ಅರಸರ ಪಕ್ಷದಲ್ಲೂ. ಜಮೀನು ಮಕ್ಕಳ ಹೆಸರಿಗೆ, ಅಳಿಯನ ಹೆಸರಿಗೆ ಹಂಚಿಹೋಯಿತು. ಅರಸರಿಗೆ ಎಲ್ಲಿ ಒತ್ತಬೇಕು, ಎಲ್ಲಿ ಕೈ ಬಿಡಬೇಕು ಅಂತ ಗೊತ್ತಿತ್ತು. ಜಾಣತನ ಅನ್ನು, ರಾಜಿ ಅನ್ನು. ನಾನಂತೂ ಎರಡೂ ಅನ್ನುತ್ತೇನೆ.

ಪಕ್ಕದ ಕೇರಳದ್ದು ಬೇರೆ ಕಥೆ. ಅಲ್ಲಿ ಆಳುವ ಕಮ್ಯುನಿಸ್ಟ್ ಪಕ್ಷ ಗಟ್ಟಿ ಮನಸ್ಸು ಮಾಡಿತ್ತು, ಆದರೆ 1959ರಲ್ಲಿ ಕೇಂದ್ರ ಸರ್ಕಾರವೇ ಇ.ಎಂ.ಎಸ್. ಸರ್ಕಾರವನ್ನು ಕಿತ್ತುಹಾಕಿತು. ಗೇಣಿ ಪೂರಾ ರದ್ದಾಗಲು 1970 ಬರಬೇಕಾಯಿತು. ಆಮೇಲೆ ನಮ್ಮ ಕನ್ನಡದವರೇ ಆದ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಆ ಭೂ ಕಾನೂನಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ನ್ಯಾಯಾಧೀಶರು ಕೂತು 1973ರಲ್ಲಿ ಸಂವಿಧಾನದ ಮೂಲ ರಚನೆಯ ಬಗ್ಗೆ ಕೊಟ್ಟ ಆ ತೀರ್ಪನ್ನು ನೀನು ನನಗಿಂತ ಚೆನ್ನಾಗಿ ಓದಿದ್ದೀಯ.

2020 ನಿನಗೇ ನೆನಪಿದೆ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಬಾರದು ಅನ್ನುವ, ಇದೇ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆಯಲು ಜುಲೈನಲ್ಲಿ ಸುಗ್ರೀವಾಜ್ಞೆ ಬಂತು. ಒಂದು ಸಹಿ, ಮುಗಿಯಿತು. ಸೆಪ್ಟೆಂಬರಿನಲ್ಲಿ ವಿಧಾನಸಭೆ ಒಪ್ಪಿತು, ವಿಧಾನ ಪರಿಷತ್ತಿನಲ್ಲಿ ಆಳುವ ಪಕ್ಷಕ್ಕೆ ಸಂಖ್ಯೆ ಇರಲಿಲ್ಲ, ಅಲ್ಲಿ ನಿಂತಿತು. ಡಿಸೆಂಬರಿನಲ್ಲಿ ಜೆಡಿಎಸ್ ಅದರ ಪರವಾಗಿ ಕೈ ಎತ್ತಿತು, ಪಾಸಾಯಿತು. ನನಗೆ ಆ ತಿದ್ದುಪಡಿ ಸರಿ ಕಾಣಲಿಲ್ಲ, ನಿನ್ನಪ್ಪನಿಗೆ ಸರಿ ಕಂಡಿತು, ನಾವಿಬ್ಬರೂ ಊಟದ ಹೊತ್ತಿಗೆ ಜಗಳವಾಡಿದೆವು. ಅದಿರಲಿ. ಕಟ್ಟಲು ಇಪ್ಪತ್ತು ವರ್ಷ ಹಿಡಿದದ್ದನ್ನು ಬಿಚ್ಚಲು ಆರು ತಿಂಗಳೂ ಹಿಡಿಯಲಿಲ್ಲ. ಆ ಆರು ತಿಂಗಳಾದರೂ ಸಿಕ್ಕಿದ್ದು ಪರಿಷತ್ತಿನಿಂದ.

ಈಗ ನಿನ್ನ ಟಿಪ್ಪಣಿ ತೆಗೆದುಕೋ. ಮನೆಕೆಲಸಕ್ಕೆ ಕನಿಷ್ಠ ಕೂಲಿ ನಿಗದಿ ಮಾಡಿದ್ದು ನಮ್ಮ ರಾಜ್ಯವೇ, 2004ರಲ್ಲಿ. ಕಾಗದದ ಮೇಲೆ ಆಗಿಹೋಯಿತು, ಮನೆಯೊಳಗೆ ಬರಲಿಲ್ಲ. ನೀನು ಹೇಳುವ ವಾರದ ರಜೆ ಗೇಣಿಯ ಹಾಗಲ್ಲ ಪುಟ್ಟಿ, ಮಿತಿಯ ಹಾಗೆ. ಆ ಕಡತ ಓದುವ ಗುಮಾಸ್ತ, ಅಧಿಕಾರಿ, ಕಾರ್ಯದರ್ಶಿ, ಮಂತ್ರಿ, ಎಲ್ಲರ ಮನೆಯಲ್ಲೂ ಒಬ್ಬಳು ಪಾತ್ರೆ ತೊಳೆಯುತ್ತಿದ್ದಾಳೆ. ಯಾರೂ ಬೇಡ ಅನ್ನುವುದಿಲ್ಲ. "ಕಾನೂನು ಇಲಾಖೆಯ ಅಭಿಪ್ರಾಯ ಪಡೆಯಿರಿ" ಅಂತ ಬರೆಯುತ್ತಾರೆ, ಅಷ್ಟೇ.

ಅದಕ್ಕೆ ನಾನು ಹೇಳುವುದು ಇದು. ರಜೆ ಯಾಕೆ ಬೇಕು ಅಂತ ಎಂಟು ಪುಟ ಬರೆದಿದ್ದೀಯ. ಅದು ಅವರಿಗೆ ಗೊತ್ತು. ರಜೆ ಕೊಡದಿದ್ದರೆ ಅವಳು ಎಲ್ಲಿಗೆ ಹೋಗಿ ಹೇಳಬೇಕು, ಯಾರು ಕೇಳುತ್ತಾರೆ, ಎಷ್ಟು ದಿನದಲ್ಲಿ, ಬಸ್ಸಿನ ಕಾಸಿಲ್ಲದೆ ನಡೆದು ಹೋಗುವಷ್ಟು ಹತ್ತಿರವಾ, ಅದನ್ನು ಬರೆ. ನಮ್ಮ ಜಗಲಿಯ ಮೇಲೆ ಚೀಟಿಯಿಲ್ಲದೆ ಬಂದು ಕೂತವರ ಮಾತಿಗೆ ಬೆಲೆ ಬಂದದ್ದು ಕೇಳುವವರು ತಾಲೂಕಿಗೆ ಬಂದು ಕೂತದ್ದರಿಂದ. ಮತ್ತೆ, ನಿಮ್ಮ ಶಾಸಕರ ಕ್ಷೇತ್ರದಲ್ಲಿ ಮನೆಕೆಲಸಕ್ಕೆ ಹೋಗುವ ಹೆಂಗಸರು ಎಷ್ಟು ಜನ, ಯಾವ ಯಾವ ಬೂತಿನಲ್ಲಿ ಓಟು ಹಾಕುತ್ತಾರೆ ಅಂತ ಒಂದು ಪಟ್ಟಿ ಮಾಡಿ ಮೊದಲ ಪುಟಕ್ಕೆ ಪಿನ್ ಹೊಡಿ. ಮುಖ ಸಿಂಡರಿಸಬೇಡ. ಶಾಸಕರು ಅದನ್ನು ಮೊದಲು ಓದುತ್ತಾರೆ.

ಹೋದ ಸಲ ಬಂದಾಗ ನೀನು ಒಂದು ಪ್ರಶ್ನೆ ಕೇಳಿದ್ದೆ, ನಾನು ಕೇಳಿಸದ ಹಾಗೆ ಒಳಗೆ ಹೋದೆ. ನಮ್ಮ ಮನೆಗೆ ಬರುವವಳಿಗೆ ಭಾನುವಾರ ರಜೆ ಉಂಟಾ ಅಂತ. ಇಲ್ಲ, ಹನ್ನೊಂದು ವರ್ಷದಿಂದ ಇಲ್ಲ. ಈ ಕಾಗದ ಬರೆಯುವ ಮೊದಲು ಅವಳಿಗೆ ಹೇಳಿದೆ, ಇನ್ನು ಮೇಲೆ ಭಾನುವಾರ ಬರಬೇಡ, ಸಂಬಳ ಹಿಡಿಯುವುದಿಲ್ಲ ಅಂತ. ಅವಳು ನನ್ನ ಮುಖ ನೋಡಿ "ಯಾಕಮ್ಮ, ನನ್ನಿಂದ ಏನಾದರೂ ತಪ್ಪಾಯ್ತಾ?" ಅಂದಳು.

ಅಪ್ಪೆಮಿಡಿ ಉಪ್ಪಿನಕಾಯಿ ಎರಡು ಬಾಟಲಿ ಬಸ್ಸಿನಲ್ಲಿ ಕಳಿಸುತ್ತೇನೆ. ಒಂದು ನಿನ್ನ ರೂಮಿನವಳಿಗೆ. ದೀಪಾವಳಿಗೆ ಬರುವಾಗ ಆ ಟಿಪ್ಪಣಿ ತಾ, ಕೂತು ನೋಡೋಣ.

ಇಂತಿ,
ನಿನ್ನ ಅತ್ತೆ