ಲಾಂಗ್ ಆಕ್ಷನ್ ಚಾಸಿ: ಇನ್ನು ಮೊದಲು ತೋಟೆಯ ಅಳತೆ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಬರುವ ತಿಂಗಳ ಒಂದನೇ ತಾರೀಕಿನಿಂದ ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಬದಲಾಗುತ್ತಿದೆ. ಲಾಂಗ್ ಆಕ್ಷನ್ ರೈಫಲ್‌ಗೆ (ಉದ್ದ ತೋಟೆ ಹಾರಿಸುವಂಥದ್ದು) ಚಾಸಿ, ಅಂದರೆ ಮರದ ಸ್ಟಾಕ್ ಬದಲಿಗೆ ರೈಫಲ್ ಕೂರಿಸುವ ಅಲ್ಯೂಮಿನಿಯಂ ಚೌಕಟ್ಟು, ಬೇಕು ಎಂದು ಫೋನ್ ಬಂದ ಕೂಡಲೇ ಪೆಟ್ಟಿಗೆ ಕಟ್ಟಿ ಕಳಿಸುವುದನ್ನು ನಿಲ್ಲಿಸುತ್ತಿದ್ದೇವೆ. ಮೊದಲು ನೀವು ಹಾರಿಸುವ ತೋಟೆಯ ಉದ್ದ ಹೇಳಬೇಕು. ಆಮೇಲೆ ರೈಫಲ್‌ನ ವಿವರ. ಚಾಸಿಯ ಮಾತು ಕೊನೆಗೆ.

ಇದೇ ವಿಷಯದ ಇಂಗ್ಲಿಷ್ ಪತ್ರ ಎಲ್ಲರಿಗೂ ಹೋಗಿದೆ. ಆದರೆ ನಮ್ಮ ಈ ಟೆಕ್ಸಸ್ ಅಂಗಡಿಗೆ ಬಂದು ಕೌಂಟರ್ ಮುಂದೆ ನಿಂತು ಕನ್ನಡದಲ್ಲೇ ಹರಟುವವರು ನೀವು ಒಂದಷ್ಟು ಜನ ಇದ್ದೀರಿ. ನಿಮಗೆ ಬರೀ ಆ ಎರಡು ಪ್ಯಾರಾ ಕಳಿಸಿ ಸುಮ್ಮನಾಗಲು ಮನಸ್ಸಾಗಲಿಲ್ಲ.

ಎಡವಿದ್ದು ನಾವೇ. ಹಳೆಯ ಗ್ರಾಹಕರೊಬ್ಬರ ಬಳಿ ರೆಮಿಂಗ್ಟನ್ 700 ರೈಫಲ್ ಇತ್ತು, .300 ವಿನ್ ಮ್ಯಾಗ್ ತೋಟೆಯದು. ನಳಿಗೆ ಸವೆದಾಗ ಅದರ ಜಾಗಕ್ಕೆ 300 ಪಿಆರ್‌ಸಿ ಎಂಬ ಬೇರೆ ತೋಟೆಯ ನಳಿಗೆ ಹಾಕಿಸಿಕೊಂಡರು. ಎರಡೂ ತೋಟೆಗಳ ಬುಡದ ಅಗಲ ಒಂದೇ. ಹಾಗಾಗಿ ತೋಟೆಯನ್ನು ನಳಿಗೆಗೆ ತಳ್ಳಿ ಮುಚ್ಚುವ ಬೋಲ್ಟ್ ಬದಲಿಸಬೇಕಾಗಲಿಲ್ಲ. ಆಮೇಲೆ ನಮ್ಮ ಹತ್ತಿರ ಚಾಸಿ ಕೇಳಿದರು. ನಾವು ಕೇಳಿದ್ದು ಒಂದೇ ಪ್ರಶ್ನೆ: 'ಲಾಂಗ್ ಆಕ್ಷನ್ ತಾನೆ?' ಅವರು ಹೌದು ಎಂದರು. ಕಳಿಸಿದೆವು. ಚಾಸಿ ಚೆನ್ನಾಗಿಯೇ ಕೂತಿತು, ಸ್ಕ್ರೂಗಳೂ ಸರಿಯಾಗಿ ಬಿಗಿದವು. ಕೊಲೊರಾಡೊಗೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೊರಡುವ ಹಿಂದಿನ ರಾತ್ರಿ ಚಾಸಿಗೆ ಸಿಕ್ಕಿಸುವ ಮ್ಯಾಗಜೀನ್‌ಗೆ ತೋಟೆ ತುಂಬಲು ಹೋದರೆ ಒಂದೂ ಒಳಗೆ ಇಳಿಯಲಿಲ್ಲ. ಆ ಸಲದ ಬೇಟೆಯನ್ನು ಅವರು ಒಂದೊಂದೇ ತೋಟೆಯನ್ನು ಕೈಯಲ್ಲಿ ಇಟ್ಟು ಮುಗಿಸಿದರು. ದುಡ್ಡು ವಾಪಸ್ ಕೊಟ್ಟಿದ್ದೇವೆ. ಎಲ್ಕ್ ಸಿಕ್ಕಿತಾ ಎಂದು ಕೇಳುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.

ಆಗಿದ್ದು ಇಷ್ಟು. ಲಾಂಗ್ ಆಕ್ಷನ್ ಎನ್ನುವುದು ಒಂದು ಹೆಸರು, ಆದರೆ ಒಂದೇ ಅಳತೆ ಅಲ್ಲ. .30-06 ಆಗಲಿ, .300 ವಿನ್ ಮ್ಯಾಗ್ ಆಗಲಿ, 2022ರಲ್ಲಿ ಬಂದ 7 ಎಂಎಂ ಪಿಆರ್‌ಸಿ ಆಗಲಿ, ಬುಡದಿಂದ ಗುಂಡಿನ ತುದಿಯವರೆಗೆ ಹೆಚ್ಚೆಂದರೆ 3.34 ಇಂಚು. 300 ಪಿಆರ್‌ಸಿ 3.7 ಇಂಚು. .338 ಲಾಪುವಾ ಕೂಡ ಅದರ ಹತ್ತಿರವೇ, 3.68. ಮಾಮೂಲಿ ಲಾಂಗ್ ಆಕ್ಷನ್ ಮ್ಯಾಗಜೀನ್ ಒಳಗೆ ಸಿಗುವ ಜಾಗ ಸುಮಾರು ಮೂರೂವರೆ ಇಂಚು, ಅದರ ಮೇಲೆ ಒಂದು ಚೂರು. ಮೊದಲಿನ ಮೂರು ತೋಟೆಗಳಿಗೆ ಅದು ಧಾರಾಳ. ಆಮೇಲಿನ ಎರಡಕ್ಕೆ ಸಿಐಪಿ ಉದ್ದದ ಮ್ಯಾಗಜೀನ್ ಬೇಕು. ಸಿಐಪಿ ಅಂದರೆ ಯುರೋಪಿನವರು ತೋಟೆಗಳ ಅಳತೆ ಗೊತ್ತುಮಾಡುವ ಸಂಸ್ಥೆ, ಹೆಸರು ಅಲ್ಲಿಂದ ಬಂದಿದ್ದು. ಅಷ್ಟು ಉದ್ದದ ಮ್ಯಾಗಜೀನ್ ಎಲ್ಲ ಚಾಸಿಯ ಬಾಯಿಗೂ ಹೋಗುವುದಿಲ್ಲ. ಚಾಸಿಗೆ ಹೋದರೂ, ಫ್ಯಾಕ್ಟರಿಯಿಂದ ಬಂದ ರಿಸೀವರ್‌ನ (ಬೋಲ್ಟ್ ಓಡಾಡುವ ಲೋಹದ ಭಾಗ) ಕೆಳಗಿನ ಕಿಂಡಿಯನ್ನು ಕೆಲವೊಮ್ಮೆ ಕೊರೆದು ಉದ್ದ ಮಾಡಬೇಕಾಗುತ್ತದೆ. ಅದು ಮಿಲ್ಲಿಂಗ್ ಮೆಷಿನ್ ಮೇಲೆ ಮಾಡುವ ಕೆಲಸ. ಮನೆಯಲ್ಲಿ ಅರ ಹಿಡಿದು ಕೂರಬೇಡಿ, ದಯವಿಟ್ಟು.

ಮನೆಯಲ್ಲೇ ಮದ್ದು, ಗುಂಡು ಸೇರಿಸಿ ತೋಟೆ ತುಂಬಿಕೊಳ್ಳುವವರಿಗೆ ಇನ್ನೊಂದು ಮಾತು. ನಿಮ್ಮದು ವಿನ್ ಮ್ಯಾಗ್ ಆದರೂ ಉದ್ದದ ಗುಂಡನ್ನು ಮುಂದಕ್ಕೆ ಕೂರಿಸುವ ಅಭ್ಯಾಸ ಇದ್ದರೆ ಪುಸ್ತಕದ ಅಳತೆ ನಮಗೆ ಬೇಡ. ತುಂಬಿದ ಒಂದು ತೋಟೆಗೆ ಕ್ಯಾಲಿಪರ್ ಹಿಡಿದು ಅಲ್ಲಿ ಕಾಣುವ ಅಂಕಿಯನ್ನೇ ಬರೆದು ಕಳಿಸಿ.

ಎಐಸಿಎಸ್ ಮ್ಯಾಗಜೀನ್ ಅಂದರೇನು ಎಂದು ಹಲವರು ಕೇಳುತ್ತೀರಿ. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ 1978ರಲ್ಲಿ ಶುರುವಾದ ಆಕ್ಯುರಸಿ ಇಂಟರ್‌ನ್ಯಾಷನಲ್ ಕಂಪನಿಯ ಚಾಸಿಗೆಂದು ಮಾಡಿದ ಮ್ಯಾಗಜೀನ್ ಅದು. ಈಗ ಹೆಚ್ಚುಕಮ್ಮಿ ಎಲ್ಲ ಚಾಸಿಯವರೂ ಅದೇ ನಮೂನೆ ಹಿಡಿದಿದ್ದಾರೆ. ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಮಾಲ್ಕಮ್ ಕೂಪರ್ 1984 ಮತ್ತು 1988ರ ಒಲಿಂಪಿಕ್ಸ್‌ನಲ್ಲಿ ರೈಫಲ್‌ಗೆ ಚಿನ್ನ ಗೆದ್ದವರು. ಗುರಿಕಾರ ತಾನೇ ಕೂತು ಮಾಡಿಸಿದ ವಸ್ತು, ಅದಕ್ಕೇ ಇಷ್ಟು ವರ್ಷ ಬಾಳಿದೆ ಎಂದು ನನ್ನ ಲೆಕ್ಕ.

ಎರಡನೇ ಬದಲಾವಣೆ ತೂಕದ್ದು. ಸ್ಪರ್ಧೆಗೆ ಮಾಡಿದ ಭಾರದ ಅಲ್ಯೂಮಿನಿಯಂ ಚಾಸಿಯನ್ನು ಇನ್ನು ಬೇಟೆಗಾರರಿಗೆ ನಾವಾಗಿ ತೋರಿಸುವುದಿಲ್ಲ. ಭಾರಕ್ಕೆ ಅದರದ್ದೇ ಲಾಭ ಇದೆ, ಸುಳ್ಳಲ್ಲ. ಒಂಬತ್ತು ಪೌಂಡ್ ರೈಫಲ್ ಹನ್ನೆರಡಾದರೆ ಭುಜಕ್ಕೆ ಬರುವ ಒದೆತದ ಶಕ್ತಿ ಕಾಲು ಭಾಗ ಇಳಿಯುತ್ತದೆ. ಜೋರಾಗಿ ಒದೆಯುವ ಮ್ಯಾಗ್ನಮ್ ತೋಟೆ ಹಾರಿಸುವವರಿಗೆ ಅದು ಸಣ್ಣ ಮಾತಲ್ಲ. ಆದರೆ ಆ ಮೂರು ಪೌಂಡನ್ನು ಬೆಟ್ಟದ ಮೇಲಕ್ಕೆ ಹೊರುವವರು ನೀವು, ನಾವಲ್ಲ. ಎನ್‌ಆರ್‌ಎಲ್ ಹಂಟರ್ ಎಂಬ ಬೇಟೆ ರೈಫಲ್‌ಗಳ ಗುರಿ ಸ್ಪರ್ಧೆಗೆ ಹೋಗುವವರಿಗೆ ಲೈಟ್ ವಿಭಾಗದಲ್ಲಿ 12 ಪೌಂಡ್, ಹೆವಿಯಲ್ಲಿ 16 ಪೌಂಡ್ ಮಿತಿ ಇದೆ. ಸ್ಕೋಪ್ ಹಾಕಿ ತೂಗಿ ನೋಡಿ. ಚಾಸಿ ಕೊಂಡ ಮೇಲೆ ತೂಗಿದರೆ ಏನು ಬಂತು? ಇನ್ನೊಂದು, ಡಿಸೆಂಬರ್ ಬೆಳಿಗ್ಗೆ ಮೊಂಟಾನಾದಲ್ಲಿ ಬರಿ ಅಲ್ಯೂಮಿನಿಯಂ ಹಿಡಿದು ನೋಡಿದವರಿಗೆ ಮರದ ಸ್ಟಾಕ್ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟುತ್ತದೆ.

ಹಾಗಾದರೆ ಚಾಸಿ ಯಾಕೆ ಬೇಕು? ಲಾರಿಯ ಚಾಸಿ ನೋಡಿದ್ದೀರಲ್ಲ, ಇದೂ ಹಾಗೆಯೇ. ಮಿಕ್ಕದ್ದೆಲ್ಲ ಇದರ ಮೇಲೆ ಕೂರುತ್ತದೆ. ಮರ ತೇವಕ್ಕೆ ಉಬ್ಬುತ್ತದೆ, ಒಣ ಹವೆಗೆ ಕುಗ್ಗುತ್ತದೆ. ಹ್ಯೂಸ್ಟನ್ ಸೆಕೆಯಲ್ಲಿ ಗುರಿ ಹೊಂದಿಸಿದ ರೈಫಲ್ ಒಣ ಊರಿಗೆ ಹೋದಾಗ ಗುರಿ ಒಂದಿಷ್ಟು ಸರಿದಿರಬಹುದು. ಅಲ್ಯೂಮಿನಿಯಂಗೆ ತೇವದ ಗೊಡವೆ ಇಲ್ಲ. ಇದರೊಳಗಿನ 'ವಿ' ಆಕಾರದ ತೊಟ್ಟಿಲಲ್ಲಿ ರೆಮಿಂಗ್ಟನ್‌ನ ದುಂಡು ರಿಸೀವರ್ ಎರಡು ಗೆರೆಯ ಮೇಲೆ ಕೂರುತ್ತದೆ. ರಿಸೀವರ್ ಅಲುಗದಂತೆ ಕೆಳಗೆ ಎಪಾಕ್ಸಿ ಅಂಟು ಹಾಕಿ ಬೆಡ್ಡಿಂಗ್ ಮಾಡುವ ಕೆಲಸ ಬಹುಮಟ್ಟಿಗೆ ತಪ್ಪುತ್ತದೆ. ಸ್ಕ್ರೂಗಳನ್ನು ಮಾತ್ರ ಟಾರ್ಕ್ ವ್ರೆಂಚ್‌ನಲ್ಲೇ ಬಿಗಿಯಬೇಕು. ಹಲವು ಚಾಸಿಗಳಿಗೆ 65 ಇಂಚ್-ಪೌಂಡ್, ನಿಮ್ಮದಕ್ಕೆ ಎಷ್ಟು ಎಂದು ಅದರ ಕಾಗದದಲ್ಲಿ ಇರುತ್ತದೆ. ಸುಮ್ನೆ ಕೈಗೆ ಬಿಗಿ ಅನ್ನಿಸಿದರೆ ಸಾಲದು.

ಕೆನ್ನೆ ಆನಿಸುವ ಪಟ್ಟಿಯ ವಿಷಯವನ್ನು ಯಾರೂ ಕೇಳುವುದಿಲ್ಲ, ಆಮೇಲೆ ಎಲ್ಲರೂ ಬೈಯುತ್ತಾರೆ. ಲಾಂಗ್ ಆಕ್ಷನ್‌ನಲ್ಲಿ ಬೋಲ್ಟ್ ಜಾಸ್ತಿ ಹಿಂದಕ್ಕೆ ಬರುತ್ತದೆ. ಪಟ್ಟಿ ಎತ್ತರಿಸಿದರೆ ಬೋಲ್ಟ್ ಅದಕ್ಕೇ ತಾಗುತ್ತದೆ, ಇಲ್ಲವೇ ಸ್ವಚ್ಛ ಮಾಡಲು ಬೋಲ್ಟ್ ಹೊರಗೆ ತೆಗೆಯಲು ಆಗುವುದಿಲ್ಲ. ನಿಮ್ಮ ಸ್ಕೋಪ್ ಎತ್ತರಕ್ಕೆ ಕೂತಿದ್ದರೆ ಮೊದಲೇ ಹೇಳಿ. ಬೋಲ್ಟ್‌ಗೆ ದಾರಿ ಬಿಟ್ಟಿರುವ ಪಟ್ಟಿ, ಇಲ್ಲವೇ ಗುಂಡಿ ಒತ್ತಿದರೆ ಕೆಳಗಿಳಿಯುವ ಪಟ್ಟಿ ನೋಡೋಣ.

ಇನ್ನು ವ್ಯವಹಾರ. ಆರ್ಡರ್ ಜೊತೆ ಇಷ್ಟು ಬರೆಯಿರಿ: ರಿಸೀವರ್ ಯಾವ ಕಂಪನಿಯದು, ಯಾವ ತೋಟೆ, ಅದರ ಪೂರ್ತಿ ಉದ್ದ, ನಳಿಗೆಯ ದಪ್ಪ, ಬೇಟೆಗೋ ಗುರಿ ಅಭ್ಯಾಸಕ್ಕೋ. ಇನ್ನು ಪ್ರತಿ ಚಾಸಿಯ ಜೊತೆ ಆ ತೋಟೆಗೆ ಹೊಂದುವ ಒಂದು ಮ್ಯಾಗಜೀನನ್ನು ನಾವೇ ಹಾಕಿ ಕಳಿಸುತ್ತೇವೆ, ಅದಕ್ಕೆ ಬೇರೆ ದುಡ್ಡಿಲ್ಲ. ರೈಫಲ್ ಅಂಗಡಿಗೆ ತಂದು ಕೂರಿಸಿಕೊಂಡು ಹೋದರೆ ಕೂಲಿ 60 ಡಾಲರ್. ಮದ್ದಿಲ್ಲದ ಡಮ್ಮಿ ತೋಟೆ ಹಾಕಿ, ಬೋಲ್ಟ್ ಆಡಿಸಿ, ನಿಮ್ಮ ಎದುರಿಗೇ ತೋರಿಸುತ್ತೇವೆ. ನಾವು ಕೇಳಿದ ಅಳತೆ ಕೊಟ್ಟ ಮೇಲೂ ಹೊಂದದಿದ್ದರೆ ಸಾಗಾಣಿಕೆ ಖರ್ಚು ಸೇರಿ ಪೂರ್ತಿ ದುಡ್ಡು ವಾಪಸ್. ಇದರಿಂದ ಆರ್ಡರ್ ಒಂದು ವಾರ ತಡವಾಗಬಹುದು. ಬೇಟೆಯ ಸೀಸನ್ ಹತ್ತಿರ ಬರುವ ಮುಂಚೆಯೇ ಹೇಳಿಬಿಡಿ.

ಕೊಡಗಿನ ಕಡೆಯ ಗ್ರಾಹಕರು ಪ್ರತಿ ವರ್ಷ ಕೈಲ್‌ಪೊಳ್ದ್ ಹಬ್ಬ ಹತ್ತಿರ ಬಂದಾಗ ಒಂದು ಪ್ರಶ್ನೆ ಕೇಳುತ್ತೀರಿ. ಊರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇದೆ, ಅಪ್ಪನ ಕೋವಿಗೆ ಒಂದು ಚಾಸಿ ಕಳಿಸಬಹುದಾ ಎಂದು. ಆಗುವುದಿಲ್ಲ. ಅಮೆರಿಕದ ಹೊರಗೆ ನಾವು ಏನನ್ನೂ ಕಳಿಸುವುದಿಲ್ಲ, ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗುವ ಯೋಚನೆಯೂ ಬೇಡ. ಮೇಲಾಗಿ ಜೋಡಿ ನಳಿಗೆಯ ತೋಟೆ ಕೋವಿಗೆ ಇದು ಕೂರುವುದೇ ಇಲ್ಲ. ಆ ಕೋವಿಯ ಮರದ ಸ್ಟಾಕ್‌ಗೆ ಎಣ್ಣೆ ಹಚ್ಚಿ ಇಡಲು ಹೇಳಿ, ಸಾಕು.

ಈಗಾಗಲೇ ನಮ್ಮಿಂದ ಲಾಂಗ್ ಆಕ್ಷನ್ ಚಾಸಿ ತೆಗೆದುಕೊಂಡು ಇನ್ನೂ ಮ್ಯಾಗಜೀನ್ ತುಂಬಿ ನೋಡದೆ ಇರುವವರು ಈ ವಾರವೇ ಒಮ್ಮೆ ತುಂಬಿ ನೋಡಿ. ಇಳಿಯದಿದ್ದರೆ ಫೋನ್ ಮಾಡಿ. ಶನಿವಾರವೂ ಅಂಗಡಿ ತೆರೆದಿರುತ್ತದೆ.

ಇಂತಿ,
ನಿಮ್ಮ ಅಂಗಡಿಯವರು