ಅರಮನೆಯ ಫೋಟೋಗೆ ಆಷಾಢವೇ ಲೇಸು

ಮಾನ್ಯ ಸಂಪಾದಕರೇ,

ದಸರೆ ಬಂತೆಂದರೆ ಪತ್ರಿಕೆಗಳಲ್ಲಿ ಓದುಗರು ಕಳಿಸಿದ ಮೈಸೂರು ಅರಮನೆಯ ಚಿತ್ರಗಳು ಸಾಲುಗಟ್ಟುತ್ತವೆ. ಹತ್ತು ಜನ ತೆಗೆದಿದ್ದರೂ ಒಬ್ಬರೇ ತೆಗೆದ ಹಾಗಿರುತ್ತವೆ. ಮೇಲೆ ಕಡುಕಪ್ಪು ಆಕಾಶ, ನಡುವೆ ಉರಿದುಹೋದ ಹಳದಿ ಗೋಪುರ, ಕೆಳಗೆ ಮೊಬೈಲ್ ಎತ್ತಿ ಹಿಡಿದ ಕೈಗಳು. ಯಾರನ್ನು ಕೇಳಿದರೂ ‘ಒಳ್ಳೆ ಕ್ಯಾಮೆರಾ ಇಲ್ಲ ಸಾರ್’ ಎನ್ನುತ್ತಾರೆ. ಆಮೇಲೆ ಕಂತಿನ ಮೇಲೆ ಒಳ್ಳೆ ಕ್ಯಾಮೆರಾ ಮನೆಗೆ ಬರುತ್ತದೆ. ಮುಂದಿನ ದಸರೆಗೆ ಅದೇ ಕಪ್ಪು ಆಕಾಶ ಇನ್ನೂ ಹೆಚ್ಚು ಮೆಗಾಪಿಕ್ಸೆಲ್‌ನಲ್ಲಿ ಮೂಡುತ್ತದೆ. ಕ್ಯಾಮೆರಾ ಪಾಪ, ಏನೂ ಮಾಡಿಲ್ಲ. ತಪ್ಪಿರುವುದು ಹೊತ್ತಿನಲ್ಲಿ.

ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಅರಮನೆಯ ದೀಪ ಹತ್ತುವುದು ಸಂಜೆ ಏಳರ ಹೊತ್ತಿಗೆ. ದಸರೆಯಲ್ಲೂ ಸಾಮಾನ್ಯವಾಗಿ ಹಾಗೆಯೇ. ಸೂರ್ಯನಿಗೆ ಮಾತ್ರ ಈ ವೇಳಾಪಟ್ಟಿ ಗೊತ್ತಿಲ್ಲ. ನವರಾತ್ರಿಯ ಸಮಯಕ್ಕೆ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೂರನೇ ವಾರದೊಳಗೆ, ಮೈಸೂರಿನಲ್ಲಿ ಸೂರ್ಯ ಮುಳುಗುವುದು 6.00ರಿಂದ 6.15ರ ನಡುವೆ. ಆಕಾಶ ಗಾಢ ನೀಲಿಗೆ ತಿರುಗಿ, ದೀಪದ ಬೆಳಕೂ ಬಾನಿನ ಬೆಳಕೂ ಸಮಸಮ ತೂಗುವ ಹೊತ್ತು ಸೂರ್ಯಾಸ್ತವಾಗಿ ಸುಮಾರು 15ನೇ ನಿಮಿಷದಿಂದ 30ನೇ ನಿಮಿಷದವರೆಗೆ ಮಾತ್ರ. ಅಷ್ಟರಲ್ಲಿ ದೀಪ ಹತ್ತಿರುವುದಿಲ್ಲ. ದೀಪ ಹತ್ತಿದಾಗ ನೀಲಿ ಉಳಿದಿರುವುದಿಲ್ಲ. ನವೆಂಬರ್ ಅಂತೂ ಇನ್ನೂ ಕಡೆ. 5.50 ದಾಟುತ್ತಿದ್ದಂತೆ ಸೂರ್ಯ ಕಂತಿ, ಏಳಕ್ಕೆಲ್ಲ ನಡುರಾತ್ರಿಯ ಕಪ್ಪು.

ಈಗ ಆಷಾಢ ನೋಡಿ. ಜೂನ್ ಕೊನೆಯಿಂದ ಜುಲೈ ಮುಗಿಯುವವರೆಗೆ ಇಲ್ಲಿ ಸೂರ್ಯ ಮುಳುಗುವುದು 6.50ರ ಆಸುಪಾಸು. ಏಳಕ್ಕೆ ದೀಪ ಹತ್ತಿದಾಗ ಬಾನು ಇನ್ನೂ ಬೆಳ್ಳಗೇ ಇರುತ್ತದೆ. ಮೊದಲ ಐದು ನಿಮಿಷ ‘ಏನು ಡಲ್ಲು’ ಅನ್ನಿಸಿ ಜನ ಕಡ್ಲೆಕಾಯಿ ಕಡೆ ತಿರುಗುತ್ತಾರೆ. 7.05ರಿಂದ 7.20ರವರೆಗಿನ ಆ ಕಾಲು ಗಂಟೆಯೇ ಚಿನ್ನ. ಅರಮನೆ ಪೂರ್ವಕ್ಕೆ ಮುಖ ಮಾಡಿರುವುದರಿಂದ ಮುಂಭಾಗದಲ್ಲಿ ನಿಂತವರಿಗೆ ಪಡುವಣದ ಉಳಿಬೆಳಕು ಗುಮ್ಮಟಗಳ ಹಿಂದೆಯೇ ಸಿಗುತ್ತದೆ. ಮೋಡವಿದ್ದರೂ ಚಿಂತೆಯಿಲ್ಲ, ಬೂದು ಮೋಡವೂ ಆ ಹೊತ್ತಿಗೆ ನೀಲಿಯಾಗುತ್ತದೆ. ಮಳೆ ಬಿದ್ದು ನೆಲ ಒದ್ದೆಯಾಗಿದ್ದರೆ ದೀಪಗಳೆಲ್ಲ ಕೆಳಗೂ ಹೊಳೆಯುತ್ತವೆ. ಜನವೂ ಕಡಿಮೆ. ಮದುವೆ ಮುಂಜಿಗೆ ಬೇಡವಾದ ಮಾಸ ಫೋಟೋದವರಿಗೆ ಒದಗಿ ಬರುತ್ತದೆ.

ಇನ್ನೊಂದು ಲಾಭವಿದೆ. ಹೆನ್ರಿ ಇರ್ವಿನ್ ವಿನ್ಯಾಸದಂತೆ ಕಟ್ಟಿ 1912ರಲ್ಲಿ ಮುಗಿದ ಈ ಕಟ್ಟಡದ ಅಂದ ಇರುವುದು ಬೂದು ಗ್ರಾನೈಟ್ ಗೋಡೆಯಲ್ಲಿ, ನಸುಗೆಂಪು ಅಮೃತಶಿಲೆಯ ಗುಮ್ಮಟಗಳಲ್ಲಿ. ಸುಮಾರು ಒಂದು ಲಕ್ಷ ಬಲ್ಬುಗಳು ಅದರ ಅಂಚುಗಳನ್ನಷ್ಟೇ ಗೆರೆ ಎಳೆದು ತೋರಿಸುತ್ತವೆ. ಕಲ್ಲಿನ ಬಣ್ಣ ಕಾಣಬೇಕಾದರೆ ಬಾನಿನ ಬೆಳಕೂ ಬೇಕು. ಕಪ್ಪಾದ ಮೇಲೆ ತೆಗೆದ ಚಿತ್ರದಲ್ಲಿ ಅರಮನೆಯ ಬದಲು ಅರಮನೆಯ ರಂಗೋಲಿ ಮಾತ್ರ ಇರುತ್ತದೆ.

ಆಷಾಢ ತಪ್ಪಿತೆನ್ನುವವರಿಗೆ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಎರಡನೇ ಅವಕಾಶ. ಆಗ ಸೂರ್ಯಾಸ್ತ ಹೆಚ್ಚುಕಡಿಮೆ 6.30ಕ್ಕೆ. ದೀಪ ಹತ್ತಿದ ಮೇಲೆ ನೀಲಿಯ ಬಾಲ ಐದು ನಿಮಿಷ ಸಿಕ್ಕೀತು. ಯುಗಾದಿ ರಜೆಯಂದು ಹೋಳಿಗೆ ಊಟದ ನಿದ್ದೆಯಿಂದ ಎದ್ದು 6.45ಕ್ಕೆ ಜಾಗ ಹಿಡಿದಿರಬೇಕು, ಅಷ್ಟೆ.

ಹೊತ್ತು ಸರಿಯಾದ ಮೇಲೆ ಸೆಟ್ಟಿಂಗ್. ಟ್ರೈಪಾಡ್ ಇಡಲು ಬಿಟ್ಟರೆ ಐಎಸ್‌ಒ 100 (ಬೆಳಕು ಹಿಡಿಯುವ ಸೆನ್ಸರಿನ ಸೂಕ್ಷ್ಮತೆ), ಅಪರ್ಚರ್ (ಲೆನ್ಸಿನ ರಂಧ್ರ, ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿರಿದು) ಎಫ್ 8, ಶಟರ್ (ಬೆಳಕಿಗೆ ತೆರೆದಿರುವ ಹೊತ್ತು) ಒಂದರಿಂದ ಎರಡು ಸೆಕೆಂಡ್. ಇಲ್ಲಿಂದ ಶುರು ಮಾಡಿ, ಒಂದು ತೆಗೆದು ನೋಡಿ, ಹೊಂದಿಸಿಕೊಳ್ಳಬೇಕು. ಎಫ್ 8ರ ಸುತ್ತ ದೀಪಗಳಿಗೆ ಸಣ್ಣ ನಕ್ಷತ್ರದ ಕಾಲುಗಳು ಮೂಡತೊಡಗುತ್ತವೆ. ಇನ್ನೂ ದೊಡ್ಡ ನಕ್ಷತ್ರ ಬೇಕೆಂದು ಎಫ್ 22ಕ್ಕೆ ಓಡಿದರೆ ಕಿರಿದಾದ ರಂಧ್ರದಲ್ಲಿ ಬೆಳಕು ಬಾಗಿ ಹರಡಿ ಇಡೀ ಚಿತ್ರ ಮೆತ್ತಗಾಗುತ್ತದೆ. ಸೆನ್ಸರ್ ಮೇಲಿನ ಧೂಳೆಲ್ಲ ಬಾನಿನಲ್ಲಿ ಚುಕ್ಕೆಯಾಗಿ ಕಾಣುವುದೂ ಆಗಲೇ. ಕೈಯ ಅಲುಗಾಟ ಸರಿದೂಗಿಸುವ ಲೆನ್ಸಿನ ಸ್ಟೆಬಿಲೈಸೇಶನ್ ಆಫ್ ಮಾಡಿ, ಏಕೆಂದರೆ ಅಲುಗಾಡದ ಕ್ಯಾಮೆರಾದಲ್ಲೂ ಅಲುಗಾಟ ಹುಡುಕಿ ತಾನೇ ಅಲುಗುವ ಲೆನ್ಸ್‌ಗಳಿವೆ. ಬೆರಳಿನಿಂದ ಒತ್ತುವ ಬದಲು ಎರಡು ಸೆಕೆಂಡಿನ ಟೈಮರ್ ಇಡಿ. ಟ್ರೈಪಾಡ್‌ನ ನಡುಗಂಬವನ್ನು ಮೇಲೆತ್ತಬೇಡಿ. ಅದನ್ನು ಎತ್ತಿದರೆ ಮೂರು ಕಾಲಿನ ಟ್ರೈಪಾಡ್ ಒಂಟಿಕಾಲಿನದಾಗುತ್ತದೆ.

ಆಟೋ ಮೋಡ್‌ನಲ್ಲಿ ತೆಗೆಯುವವರಿಗೆ ಮುಖ್ಯವಾದ ಗುಂಡಿ ಒಂದೇ, ಎಕ್ಸ್‌ಪೋಶರ್ ಕಾಂಪೆನ್ಸೇಶನ್, ಅಂದರೆ ಚಿತ್ರದ ಬೆಳಕನ್ನು ಏರಿಸಿ ಇಳಿಸುವಂಥದ್ದು. ಕ್ಯಾಮೆರಾದ ಮೀಟರ್ ಕಂಡದ್ದನ್ನೆಲ್ಲ ನಡುಬೂದು ಮಾಡಲು ಹೊರಡುತ್ತದೆ. ಕತ್ತಲೆ ಬಾನು ಹೆಚ್ಚಾಗಿದ್ದರೆ ಅದನ್ನು ಬೆಳಗಿಸುವ ಭರದಲ್ಲಿ ಬಲ್ಬುಗಳನ್ನು ಸುಟ್ಟುಹಾಕುತ್ತದೆ. ಮೈನಸ್ ಒಂದು ಅಥವಾ ಒಂದೂವರೆಗೆ ಇಳಿಸಿದರೆ ಬಲ್ಬುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಮೊಬೈಲಿನಲ್ಲಾದರೆ ಗೋಪುರದ ಮೇಲೆ ಬೆರಳನ್ನು ಒತ್ತಿ ಹಿಡಿದು ಲಾಕ್ ಮಾಡಿ, ಪಕ್ಕದಲ್ಲಿ ಬರುವ ಪುಟ್ಟ ಸೂರ್ಯನನ್ನು ಕೆಳಕ್ಕೆಳೆಯಬೇಕು. ಬೆಳಕಿನ ಬಣ್ಣಕ್ಕೆ ಕ್ಯಾಮೆರಾವನ್ನು ಹೊಂದಿಸುವ ವೈಟ್ ಬ್ಯಾಲೆನ್ಸನ್ನು 3200 ಕೆಲ್ವಿನ್ ಹತ್ತಿರ ಇಟ್ಟರೆ ದೀಪ ಹೊಂಬಣ್ಣವಾಗಿ, ಬಾನು ಇನ್ನೂ ನೀಲಿಯಾಗಿ ನಿಲ್ಲುತ್ತದೆ. ಆಟೋಗೆ ಬಿಟ್ಟರೆ ಇಡೀ ಅರಮನೆಗೆ ಅರಿಶಿನ ಹಚ್ಚುವುದೂ ಉಂಟು.

ಟ್ರೈಪಾಡ್ ಬಿಡದ ಕಡೆ ಒಂದು ಕೆಜಿ ಹುರುಳಿ ತುಂಬಿದ ಬಟ್ಟೆಚೀಲ ಸಾಕು. ತಡೆಗಂಬಿಯ ಮೇಲೋ ಕಟ್ಟೆಯ ಮೇಲೋ ಇಟ್ಟು, ಕ್ಯಾಮೆರಾವನ್ನು ಅದರಲ್ಲಿ ಅದುಮಿ ಕೂರಿಸಿದರೆ ಅರ್ಧ ಸೆಕೆಂಡಿನವರೆಗೂ ನಂಬಬಹುದು. ಚೀಲವನ್ನು ಪೂರ್ತಿ ತುಂಬಬಾರದು. ಮುಕ್ಕಾಲು ತುಂಬಿದರೆ ಕಾಳು ಸರಿದು ಕ್ಯಾಮೆರಾಕ್ಕೆ ಜಾಗ ಕೊಡುತ್ತದೆ. ರಾಗಿ ಬೇಡ, ಹೊಲಿಗೆಯ ಸಂದಿನಿಂದ ಸೋರಿ ಲೆನ್ಸ್ ಬಳೆಯೊಳಗೆ ಸೇರುತ್ತದೆ. ಹುರುಳಿಯಾದರೆ ಸೀಸನ್ ಮುಗಿದ ಮೇಲೆ ಬಸ್ಸಾರಿಗೂ ಆಗುತ್ತದೆ, ಹುಳ ಹಿಡಿಯುವ ಮೊದಲೇ ನೆನಪಾದರೆ. ಅದೂ ಇಲ್ಲದೆ ಬರೀ ಕೈಯಲ್ಲೇ ಹಿಡಿಯುವುದಾದರೆ ಐಎಸ್‌ಒ 1600, ಎಫ್ 4, 1/30 ಸೆಕೆಂಡ್. ಮೊಣಕೈ ಎದೆಗೆ ಒತ್ತಿ, ಉಸಿರು ಬಿಟ್ಟು ಮುಗಿಯುವ ಗಳಿಗೆಯಲ್ಲಿ ಮೂರು ನಾಲ್ಕು ಒಟ್ಟಿಗೆ ತೆಗೆದರೆ ಒಂದಾದರೂ ಗಟ್ಟಿ ಸಿಗುತ್ತದೆ.

ಗೋಪುರ ಹಿಂದಕ್ಕೆ ವಾಲಿದಂತೆ ಬರುತ್ತದೆ ಎನ್ನುವ ದೂರು ಎಲ್ಲರದು. 145 ಅಡಿ ಎತ್ತರದ್ದನ್ನು ಹತ್ತಿರ ನಿಂತು ಕ್ಯಾಮೆರಾ ಮೇಲೆತ್ತಿ ತೆಗೆದರೆ ವಾಲದೆ ಏನು ಮಾಡೀತು? ಹಿಂದೆ ಸರಿಯಬೇಕು, ಕ್ಯಾಮೆರಾ ನೆಟ್ಟಗಿರಬೇಕು, ಪರದೆಯ ಮೇಲೆ ಗ್ರಿಡ್ ಗೆರೆ ಹಾಕಿಕೊಳ್ಳಬೇಕು. ಹಿಂದೆ ಸರಿಯುವ ಸೋಮಾರಿತನಕ್ಕೆ ಮೊಬೈಲಿನ 0.5 ಎಂಬ ಅಗಲನೋಟದ ಲೆನ್ಸ್ ಒತ್ತುವವರೇ ಹೆಚ್ಚು. ಬಹುತೇಕ ಫೋನುಗಳಲ್ಲಿ ಆ ಲೆನ್ಸಿನ ಹಿಂದಿರುವುದು ಚಿಕ್ಕ ಸೆನ್ಸರ್, ಕತ್ತಲೆಯಲ್ಲಿ ಅದು ತರುವುದು ಬರೀ ಮರಳು ಮರಳು ಚಿತ್ರ.

ಆಕಾಶದಲ್ಲಿ ಹಸಿರು ಚುಕ್ಕಿಗಳ ಸಾಲು ಕಂಡು ಡ್ರೋನ್ ಎಂದವರಿದ್ದಾರೆ, ದೇವಿಯ ಮಹಿಮೆ ಎಂದು ವಾಟ್ಸಾಪ್‌ನಲ್ಲಿ ಹಂಚಿದವರೂ ಇದ್ದಾರೆ. ಅದು ಅದೇ ಬಲ್ಬುಗಳ ಪ್ರತಿಫಲನ. ಸೆನ್ಸರಿಗೆ ಬಿದ್ದ ಬೆಳಕು ಲೆನ್ಸಿನ ಗಾಜಿಗೆ ಹೊಡೆದು ಮರಳಿ ಬಂದು, ಚಿತ್ರದ ನಡುಬಿಂದುವಿಗೆ ಆಚೆ ಕಡೆ ತಲೆಕೆಳಗಾಗಿ ಕೂರುತ್ತದೆ. ಕ್ಯಾಮೆರಾದಲ್ಲಾದರೆ ಮೊದಲು ಲೆನ್ಸಿನ ಮುಂದೆ ಹಾಕಿದ ಯುವಿ ಫಿಲ್ಟರ್ ಗಾಜನ್ನು ಬಿಚ್ಚಿ ನೋಡಿ. ಮೊಬೈಲಿನಲ್ಲಿ ಚೌಕಟ್ಟನ್ನು ತುಸು ಮೇಲೆ ಕೆಳಗೆ ಮಾಡಿದರೆ ಮಹಿಮೆ ಜನರ ತಲೆಗಳ ನಡುವೆ ಅಡಗಿಕೊಳ್ಳುತ್ತದೆ. ಇಡೀ ಚಿತ್ರವೇ ಮಂಜುಮಂಜಾಗಿದ್ದರೆ ಕಾರಣ ಇನ್ನೂ ಸರಳ. ಮಸಾಲೆದೋಸೆ ತಿಂದ ಬೆರಳು ಲೆನ್ಸಿಗೆ ತಾಗಿದೆ. ಹತ್ತಿ ಬಟ್ಟೆಯಲ್ಲಿ ಒರೆಸಿ.

ಫ್ಲ್ಯಾಶ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊಬೈಲ್ ಫ್ಲ್ಯಾಶ್ ಎರಡು ಮೂರು ಮೀಟರ್ ದಾಟುವುದಿಲ್ಲ. ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಮಿನುಗುವ ಸಾವಿರಾರು ಫ್ಲ್ಯಾಶ್‌ಗಳಿಂದ ಬೆಳಗುವುದು ಮುಂದಿನ ಸಾಲಿನವರ ಬೋಳುತಲೆ ಮಾತ್ರ. ಜಂಬೂಸವಾರಿಯ ಆನೆಗಳ ಕಣ್ಣಿಗಂತೂ ಅದನ್ನು ಹೊಡೆಯಲೇಬಾರದು. ರಸ್ತೆಯ ಎಲ್‌ಇಡಿ ಅಲಂಕಾರದ ಚಿತ್ರದಲ್ಲಿ ಕಪ್ಪು ಪಟ್ಟೆಗಳು ಬರುವುದಕ್ಕೆ ಕಾರಣ ಬೇರೆ. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ತಕ್ಕಂತೆ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರ್ 1/100 ಅಥವಾ 1/50ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಪಟ್ಟೆ ಮಾಯ. ವಿಡಿಯೋದವರು ಸೆಕೆಂಡಿಗೆ 30 ಫ್ರೇಮ್ ಬಿಟ್ಟು 25ಕ್ಕೆ ಇಟ್ಟುಕೊಳ್ಳಲಿ.

ಆಷಾಢದಲ್ಲಿ ಹೊರಡಿ ಎಂದ ಮೇಲೆ ಮಳೆಯ ಮಾತೂ ಆಡಬೇಕು. ತುಂತುರಿಗೆ ಹೋಟೆಲಿನಲ್ಲಿ ಕೊಡುವ ಪ್ಲಾಸ್ಟಿಕ್ ಸ್ನಾನದ ಟೋಪಿ ಕ್ಯಾಮೆರಾಕ್ಕೆ ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತದೆ. ಏಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಬೆವರಿದರೆ ಒರೆಸುತ್ತಾ ಕೂರಬೇಡಿ, ಒರೆಸಿದಷ್ಟೂ ಬೆವರುತ್ತದೆ. ಬ್ಯಾಗಿನೊಳಗೇ ಹದಿನೈದು ಇಪ್ಪತ್ತು ನಿಮಿಷ ಬಿಟ್ಟರೆ ಹೊರಗಿನ ಬಿಸಿಗೆ ಹೊಂದಿಕೊಳ್ಳುತ್ತದೆ. ಹಾಗಾಗಿ 6.55ಕ್ಕೆ ಕಾರು ನಿಲ್ಲಿಸಿ ಓಡಿಬರುವವರಿಗೆ ನೀಲಿ ಹೊತ್ತು ದಕ್ಕುವುದಿಲ್ಲ.

ಮನೆಗೆ ಬಂದ ಮೇಲೆ ಒದ್ದೆ ಬ್ಯಾಗನ್ನು ಹಾಗೆಯೇ ಬೀರುವಿಗೆ ತಳ್ಳಿದರೆ ಲೆನ್ಸಿನೊಳಗೆ ಜೇಡರ ಬಲೆಯ ಹಾಗೆ ಬೂಷ್ಟು ಹಬ್ಬುತ್ತದೆ. ಅದು ಗಾಜಿನ ಲೇಪವನ್ನೇ ತಿನ್ನುವುದರಿಂದ ಬಿಚ್ಚಿ ತೊಳೆದರೂ ಕಲೆ ಉಳಿಯಬಹುದು. ಮುಚ್ಚಳ ಬಿಗಿಯಾಗಿರುವ ಡಬ್ಬ, ಅದರಲ್ಲಿ ಸಿಲಿಕಾ ಜೆಲ್, ಸಾಧ್ಯವಾದರೆ ತೇವಾಂಶ ತೋರಿಸುವ ಪುಟ್ಟ ಮೀಟರ್, ಇಷ್ಟಿದ್ದರೆ ಸಾಕು. ಮುಳ್ಳು ಶೇ 40ರಿಂದ 50ರ ನಡುವೆ ನಿಂತಿರಬೇಕು. ನೀಲಿ ಜೆಲ್ ಗುಲಾಬಿಗೆ ತಿರುಗಿತೆಂದರೆ ಅದರ ಹೊಟ್ಟೆ ತುಂಬಿದೆ ಎಂದರ್ಥ, ಬಿಸಿ ಮಾಡಿ ಒಣಗಿಸಬೇಕು. ಅಕ್ಕಿ ಡಬ್ಬದಲ್ಲಿ ಕ್ಯಾಮೆರಾ ಹೂಳುವ ಮನೆಗಳು ಇನ್ನೂ ಇವೆ. ತೇವ ಹೀರುವುದಕ್ಕಿಂತ ಅಕ್ಕಿಯ ಪುಡಿ ಗುಂಡಿಗಳ ಸಂದಿಗೆ ಇಳಿಯುವುದೇ ಹೆಚ್ಚು. ನುಸಿಗುಳಿಗೆಯೂ ಕೂಡದು, ಅದರ ಆವಿ ಗಾಜಿನ ಮೇಲೆ ಪೊರೆ ಕಟ್ಟುತ್ತದೆ.

ಹೊತ್ತಿನ ಮಾತು ಅರಮನೆಗೆ ಮುಗಿಯುವುದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಆಗಸ್ಟ್‌ನಲ್ಲಿ ಹೋಗಿ ‘ಒಂದು ಹಕ್ಕಿಯೂ ಇಲ್ಲ’ ಎಂದು ಊರವರ ಮೇಲೆ ಮುನಿಸಿಕೊಳ್ಳುವವರಿದ್ದಾರೆ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿ ಮರಿ ಮಾಡುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಅಲ್ಲೂ ರಂಗನತಿಟ್ಟಿನಲ್ಲೂ ಬಿಳಿ ಹಕ್ಕಿಗಳೇ ಹೆಚ್ಚಾದ್ದರಿಂದ ಗರಿಯ ಗೆರೆ ಉಳಿಯಬೇಕಾದರೆ ಹಸಿರು ಹಿನ್ನೆಲೆಯ ಮುಂದೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಮೈನಸ್ 0.7. ಬೆಳ್ಳನೆಯ ಬಾನಿಗೆ ಎದುರಾಗಿ ಹಾರಿದರೆ ಅದಕ್ಕೆ ತದ್ವಿರುದ್ಧ, ಪ್ಲಸ್ ಒಂದು. ಹಾರುವಾಗ ಶಟರ್ 1/1000ಕ್ಕಿಂತ ನಿಧಾನ ಬೇಡ. ದೋಣಿಯಲ್ಲಿ ಟ್ರೈಪಾಡ್ ಊರುವುದು ಪಕ್ಕದವರ ಕಾಲಿಗೆ ಕೇಡು, ದೋಣಿಯ ಕುಲುಕೆಲ್ಲ ಅದರ ಮೂಲಕವೇ ಲೆನ್ಸಿಗೆ ಏರುತ್ತದೆ. ಹಕ್ಕಿ ಹಾರಲಿ ಎಂದು ಚಪ್ಪಾಳೆ ತಟ್ಟುವವರನ್ನು ಅಂಬಿಗರೇ ಗದರಿಸಬೇಕು.

ಕೊನೆಗೆ ಪತ್ರಿಕೆಯ ಪುಟದ ವಿಷಯ. ಸುದ್ದಿಕಾಗದ ಮಸಿ ಹೀರುತ್ತದೆ, ಹೀರಿದ ಚುಕ್ಕಿ ಅಗಲವಾಗುತ್ತದೆ. ಮೊಬೈಲ್ ಪರದೆಯಲ್ಲಿ ಕಂಡ ಮಬ್ಬು ವಿವರಗಳೆಲ್ಲ ಅಚ್ಚಿನಲ್ಲಿ ಒಂದೇ ಕಪ್ಪು ಮುದ್ದೆ. ಕಳಿಸುವ ಮುನ್ನ ನೆರಳಿನ ಭಾಗವನ್ನು ಕಣ್ಣಿಗೆ ತುಸು ಹೆಚ್ಚೆನಿಸುವಷ್ಟೇ ಬೆಳಗಿಸಿರಬೇಕು. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರದ ಉದ್ದನೆಯ ಬದಿ ಸುಮಾರು 1600 ಪಿಕ್ಸೆಲ್‌ಗೆ ಕುಗ್ಗುತ್ತದೆ. ಇಂಚಿಗೆ 200 ಪಿಕ್ಸೆಲ್ ಲೆಕ್ಕದಲ್ಲಿ ಅದು ಎಂಟು ಇಂಚಿಗೆ ಸಾಲುತ್ತದೆ, ಆದರೆ ಒಂದು ಮೂಲೆಯನ್ನು ಕತ್ತರಿಸಿ ದೊಡ್ಡದು ಮಾಡಲು ಏನೂ ಉಳಿದಿರುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಕುಗ್ಗುವುದಿಲ್ಲ. ನಿಮ್ಮ ಪತ್ರಿಕೆಗೂ ಒಂದು ಕೋರಿಕೆ: ಓದುಗರ ಚಿತ್ರದ ಕೆಳಗೆ ಹೆಸರು, ಊರಿನ ಜೊತೆಗೆ ತೆಗೆದ ದಿನಾಂಕ ಮತ್ತು ಗಂಟೆಯನ್ನೂ ಅಚ್ಚು ಹಾಕಿ. ಕ್ಯಾಮೆರಾದ ಮಾಡೆಲ್ ಹಾಕದಿದ್ದರೂ ನಡೆಯುತ್ತದೆ. ಅದನ್ನು ತೆಗೆದವರೇ ಊರಿಗೆಲ್ಲ ಹೇಳಿರುತ್ತಾರೆ.

ದೀಪಾಲಂಕಾರದ ಹೊಣೆ ಹೊತ್ತವರಲ್ಲಿ ಕೇಳುವುದು ಇಷ್ಟು. ನವರಾತ್ರಿಯ ಎಲ್ಲ ದಿನವೂ ಬೇಡ, ಎರಡು ಸಂಜೆ ಮಾತ್ರ ಅರಮನೆಯ ದೀಪವನ್ನು 6.20ಕ್ಕೆ ಹತ್ತಿಸಿ. ಹೆಚ್ಚುವರಿ ವಿದ್ಯುತ್ತಿನ ಚಿಂತೆಯಿದ್ದರೆ ಆ ಎರಡು ದಿನ 40 ನಿಮಿಷ ಮೊದಲೇ ಆರಿಸಿ, ಲೆಕ್ಕ ಸರಿಹೋಗುತ್ತದೆ. ಯಾವ ದಿನಗಳೆಂದು ಒಂದು ವಾರ ಮುಂಚೆ ಪತ್ರಿಕೆಗಳಲ್ಲಿ ತಿಳಿಸಿದರೆ ಹೊರಗಿನಿಂದ ಬರುವವರಿಗೂ ಅನುಕೂಲ.

– ಕೆಲವು ಹವ್ಯಾಸಿ ಛಾಯಾಗ್ರಾಹಕರು, ಮೈಸೂರು